ಮಡಚುವ ಸೈಕಲ್ಲು ಮತ್ತು ನಾಗರಾಜನ ಪ್ಯಾಂಟು

ಮಡಚಿಡಬಹುದು ಎಂದು ಯಾರಾದರೂ ಹೇಳಿದರೆ ಸಾಕು, ನಾನು ಆ ವಸ್ತುವನ್ನು ಕೊಂಡುಬಿಡುತ್ತೇನೆ. ಜನ್ನಾಪುರದ ನಮ್ಮ ಮನೆಯಲ್ಲಿ ಮಡಚುವ ಮೇಜಿದೆ, ಮಡಚುವ ಏಣಿಯಿದೆ, ಒಮ್ಮೆ ನಮ್ಮ ಸೋದರಮಾವನನ್ನು ಒಳಗಿಟ್ಟುಕೊಂಡೇ ಮಡಚಿಕೊಂಡ ಮಂಚವೂ ಇದೆ. ಇವೆಲ್ಲ ಜಾಗ ಉಳಿಸುತ್ತವೆ ಎಂಬುದು ನನ್ನ ವಾದ. ಇವನ್ನು ಇಡುವುದಕ್ಕೇ ಒಂದು ಕೋಣೆ ಹೋಯಿತು ಎಂಬುದು ನನ್ನ ಹೆಂಡತಿ ಸುಮಳ ವಾದ. ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಹಾಗಾಗಿ ಜಾಗ, ಅಳತೆ, ಕೋನ ಇವುಗಳ ಬಗ್ಗೆ ಮನೆಯಲ್ಲಿ ನನ್ನ ಮಾತೇ ನಡೆಯಬೇಕು ಎಂದು ನಂಬಿದ್ದೇನೆ. ಈವರೆಗೆ ನಡೆದಿಲ್ಲ, ಅದು ಬೇರೆ ವಿಷಯ.

ಮಡಚುವ ಬ್ಯಾಟರಿ ಸೈಕಲ್ಲು ನನ್ನ ಕಣ್ಣಿಗೆ ಬಿದ್ದದ್ದು ಮೊಬೈಲಿನ ಜಾಹೀರಾತಿನಲ್ಲಿ. ಒಬ್ಬಳು ಹುಡುಗಿ ನಗುತ್ತಾ ಬಂದು, ಒಂದೇ ಕೈಯಲ್ಲಿ ಅದನ್ನು ಚಾಪೆಯಂತೆ ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ಹೋಗಿಬಿಟ್ಟಳು. ನನಗೆ ಮೈ ಜುಮ್ಮೆಂದಿತು. ದಿನಾ ಬೆಳಿಗ್ಗೆ ಜನ್ನಾಪುರದಿಂದ ಭದ್ರಾವತಿ ಬಸ್‌ಸ್ಟ್ಯಾಂಡಿಗೆ ಒಂದು ಆಟೋ, ಅಲ್ಲಿಂದ ಶಿವಮೊಗ್ಗಕ್ಕೆ ಬಸ್ಸು, ಬಸ್ಸಿಳಿದು ವಿನೋಬನಗರದ ಕಾಲೇಜಿಗೆ ಇನ್ನೊಂದು ಆಟೋ. ಮಡಚುವ ಸೈಕಲ್ಲಿದ್ದರೆ ಎರಡೂ ಕಡೆ ನಾನೇ ರಾಜ. ಈ ಬಗೆಯ ಸೈಕಲ್ಲುಗಳಲ್ಲೇ ಅತ್ಯಂತ ಅಗ್ಗದ್ದನ್ನು ಹುಡುಕಿ ತರಿಸಿದೆ. ಜೊತೆಗೆ ಒಂದು ದೊಡ್ಡ ನೀಲಿ ಚೀಲವೂ ಬಂತು.

ಜಾಹೀರಾತಿನ ಹುಡುಗಿಗೆ ಮದುವೆಯಾಗಿ ಮಕ್ಕಳಾಗುವಷ್ಟು ಹೊತ್ತು ಹಿಡಿಯಿತು, ನಾನು ಅದನ್ನು ಮೊದಲ ಸಲ ಮಡಚುವುದಕ್ಕೆ. ಒಂದು ಕೈ ಸಾಲದು. ಎರಡು ಕೈ, ಒಂದು ಮಂಡಿ, ಸ್ವಲ್ಪ ಗಲ್ಲ, ಕೊನೆಯಲ್ಲಿ ಸುಮಳ ಕಾಲು ಎಲ್ಲವೂ ಬೇಕಾದವು. ಮಡಚಿದ ಮೇಲೆ ಎತ್ತಲು ಹೋದರೆ ಅದು ಅಕ್ಕಿಮೂಟೆಗೆ ಬಂಧು. ಅದರ ಹಾರನ್ನು ತಾಯಿಯನ್ನು ಕಳೆದುಕೊಂಡ ಬಾತುಮರಿಯಂತೆ ಕೂಗುತ್ತದೆ. ಬ್ರೇಕು ಹಿಡಿದರೆ ಬರುವ ಕಿರುಚಾಟಕ್ಕೆ ಹಾರನ್ನಿನ ಅಗತ್ಯವೇ ಇಲ್ಲ. ಒಂದು ಸಲ ಉತ್ಸಾಹದಲ್ಲಿ ಬಸ್ಸು ಬಿಟ್ಟು ಶಿವಮೊಗ್ಗದವರೆಗೂ ಅದರಲ್ಲೇ ಹೋಗಿಬಿಡೋಣ ಎಂದು ಹೊರಟೆ. ಸೈಕಲ್ಲಿನ ಜೊತೆ ಬಂದ ಕಾಗದದ ಪ್ರಕಾರ ಬ್ಯಾಟರಿ ಹೋಗಿ ಬರುವುದಕ್ಕೂ ಸಾಕಿತ್ತು. ಎದುರುಗಾಳಿ, ನನ್ನ ತೂಕ, ಊಟದ ಡಬ್ಬಿ ಇವನ್ನು ಕಾಗದದಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಲವಗೊಪ್ಪದ ಹತ್ತಿರ ಅದು ಉಸಿರು ಬಿಟ್ಟಿತು. ಉಳಿದ ದಾರಿ ತುಳಿದುಕೊಂಡು ಹೋದೆ. ಕಬ್ಬು ತುಂಬಿದ ಟ್ರ್ಯಾಕ್ಟರಿನವನೊಬ್ಬ ನನ್ನನ್ನು ಹಿಂದೆ ಹಾಕುವಾಗ ಕೈಮುಗಿದು ಹೋದ.

ಇಷ್ಟೆಲ್ಲ ಆದರೂ ಒಂದು ಮಾತು ನಿಜ. ಬೆಳಗಿನ ಹೊತ್ತು ಜನ್ನಾಪುರದ ಬೀದಿಯಲ್ಲಿ ಸದ್ದಿಲ್ಲದೆ, ಬೆವರಿಲ್ಲದೆ, ಆಟೋದವನ ಮುಖ ನೋಡದೆ ತೇಲಿಕೊಂಡು ಹೋಗುವಾಗ ನನಗೆ ವಯಸ್ಸು ಅರ್ಧಕ್ಕೆ ಇಳಿದಂತಾಗುತ್ತಿತ್ತು. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಮುಂದೆ ಆದದ್ದಕ್ಕೆಲ್ಲ ಮೂಲ ಇದೇ.

ನಾನು ಹೋಗುವ ಖಾಸಗಿ ಬಸ್ಸಿಗೆ ನಾಗರಾಜ ಎಂಬ ಹುರುಪಿನ ಹುಡುಗ ಕಂಡಕ್ಟರು. ಡ್ರೈವರು ಬಾಷಾ ಸಾಬರು, ಮಾತು ಕಡಿಮೆ. ನನ್ನ ಪಕ್ಕದ ಸೀಟು ಪದ್ದಕ್ಕನದು. ಶಿವಮೊಗ್ಗದ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ ಅವರದು. ಬಣ್ಣ ಹೋಗುವ ಸೀರೆಯನ್ನೂ ಬಣ್ಣ ಹೋಗದ ಮಾತಿನಲ್ಲಿ ಮಾರಬಲ್ಲವರು. ನಾನು ಮೊದಲ ದಿನ ನೀಲಿ ಚೀಲ ಹೊತ್ತು ಹತ್ತಿದಾಗ ನಾಗರಾಜ ಅಡ್ಡ ನಿಂತ.

"ಸಾರ್, ಏನಿದು? ಬ್ಯಾಟರಿ-ಗೀಟರಿ ಇಲ್ಲ ತಾನೆ? ಓನರ್ರು ಬ್ಯಾಟರಿಗೆ ಬೆಂಕಿ ಹತ್ಕೊಂಡ ಯಾವುದೋ ವಿಡಿಯೋ ನೋಡ್ಕೊಂಡು ಕೂತಿದಾರೆ. ಬ್ಯಾಟರಿ ಗಾಡಿ ಹತ್ತಿಸಿದ್ರೆ ನನ್ನೇ ಇಳಿಸ್ತೀನಿ ಅಂದಿದಾರೆ."

ನಾನು ಬಾಯಿ ತೆರೆಯುವ ಮೊದಲೇ ಪದ್ದಕ್ಕ ಹೇಳಿದರು. "ಎಂಥಾ ಬ್ಯಾಟರಿ ಮಾರಾಯ? ಹೊಲಿಗೆ ಮಷೀನು ಅದು. ಸಾರ್ ಟೈಲರಿಂಗೂ ಮಾಡ್ತಾರೆ."

"ದಿನಾ ಹೊತ್ಕೊಂಡು ಓಡಾಡ್ತಾರಾ?"

"ಇಲ್ಲೊಂದು ಅಂಗಡಿ, ಅಲ್ಲೊಂದು ಅಂಗಡಿ. ಮಷೀನ್ ಒಂದೇ. ಏನ್ ಮಾಡ್ತಾರೆ ಪಾಪ."

ನಾಗರಾಜ ನನ್ನತ್ತ ಕರುಣೆಯಿಂದ ನೋಡಿ ಚೀಲ ಎತ್ತಲು ತಾನೇ ಕೈಜೋಡಿಸಿದ. ಕಾಲೇಜು ಮೇಷ್ಟ್ರಿಗೆ ಸಂಬಳ ಸರಿಯಾಗಿ ಬರುವುದಿಲ್ಲ ಎಂದು ಅವನು ಎಲ್ಲೋ ಕೇಳಿದ್ದನಂತೆ. ಅಂದಿನಿಂದ ನಾನು ಬಸ್ ನಿಲ್ದಾಣದ ಟೀ ಅಂಗಡಿಯ ಹಿಂದೆ ನಿಂತು, ಯಾರೂ ಕಾಣದಂತೆ ಸೈಕಲ್ಲು ಮಡಚಿ, ಚೀಲಕ್ಕೆ ತುಂಬಿ, ಟೈಲರಾಗಿ ಬಸ್ಸು ಹತ್ತತೊಡಗಿದೆ.

ಒಂದು ವಾರ ಕಳೆಯಿತು. ನಾಗರಾಜ ಒಂದು ಪೊಟ್ಟಣ ಹಿಡಿದು ಬಂದ. "ಸಾರ್, ಖಾಕಿ ಪ್ಯಾಂಟು. ಸ್ವಲ್ಪ ಉದ್ದ ಇದೆ, ಕೆಳಗೆ ಮಡಚಿ ಹೊಲಿದುಕೊಡ್ತೀರಾ?" ಮಡಚುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ತಲೆ ತಾನಾಗಿ ಆಡಿತು. ಜನ್ನಾಪುರದ ಟೈಲರೊಬ್ಬನ ಕೈಯಲ್ಲಿ ಅದನ್ನು ಹೊಲಿಸಿ ತಂದುಕೊಟ್ಟೆ. "ಏನ್ ಫಿನಿಶಿಂಗ್ ಸಾರ್!" ಎಂದು ಅವನು ಇಡೀ ಬಸ್ಸಿಗೆ ತೋರಿಸಿದ. ನಾನು ವಿನಯದಿಂದ ತಲೆ ತಗ್ಗಿಸಿದೆ. ವಿನಯ ಸುಳ್ಳಾಗಿರಲಿಲ್ಲ, ಕೆಲಸ ಮಾತ್ರ ನನ್ನದಾಗಿರಲಿಲ್ಲ.

ಪೇಚಿಗೆ ಸಿಕ್ಕಿದ್ದು ಒಂದು ಶನಿವಾರ. ಸಂಜೆ ವಾಪಸು ಬರುವಾಗ ನಾಗರಾಜ ನನ್ನ ಪಕ್ಕ ಬಂದು ಕೂತ. ದನಿ ತಗ್ಗಿತ್ತು.

"ಸಾರ್, ನಾಳೆ ಹುಡುಗಿ ನೋಡೋಕೆ ಹೋಗ್ತಿದೀನಿ. ಇದಕ್ಕೆ ಮುಂಚೆ ಎರಡು ಕಡೆ ಹೋಗಿ ಬಂದೆ. ಕಂಡಕ್ಟರ್ ಅಂತ ಬೇಡ ಅಂದ್ರು. ಇವರು ಮಾತ್ರ ಬನ್ನಿ ಅಂದಿದಾರೆ. ಹೊಸ ಪ್ಯಾಂಟ್ ತಗೊಂಡೆ. ನಿಮ್ಮ ಕೈಯಲ್ಲೇ ಆಗಬೇಕು. ಬೆಳಿಗ್ಗೆ ನಿಮ್ಮ ಮನೆಗೇ ಬಂದು ತಗೊಂಡು ಹೋಗ್ತೀನಿ."

ಬೇಡ ಎನ್ನಲು ಅವನ ಮುಖ ಬಿಡಲಿಲ್ಲ. ಬಸ್ಸಿಳಿದವನೇ ಸೈಕಲ್ಲು ಬಿಚ್ಚಿ ಟೈಲರಂಗಡಿಗೆ ಹೋದೆ. ಬಾಗಿಲು ಹಾಕಿತ್ತು, ಅವನು ಸಂಬಂಧಿಕರ ಮದುವೆಗೆ ಹೋಗಿದ್ದ. ಇನ್ನೊಬ್ಬ, ಸೋಮವಾರ ಬನ್ನಿ ಎಂದ. ಮನೆಗೆ ಬಂದು ಸುಮಳ ಮುಂದೆ ಎಲ್ಲ ಹೇಳಿಕೊಂಡೆ. ಅವಳಿಗೆ ಹೊಲಿಗೆ ಬರುತ್ತದೆ.

"ನನ್ನ ಕೇಳ್ಬೇಡಿ," ಎಂದಳು. "ಟೈಲರ್ ಆಗಿರೋರು ನೀವು. ಸೂಜಿ ಡಬ್ಬಿ ಕಪಾಟಿನ ಮೇಲಿದೆ."

ಮಡಚುವ ಮೇಜು ಬಿಚ್ಚಿ, ಸ್ಕೇಲು, ಪೆನ್ಸಿಲು, ಕೋನಮಾಪಕ ಇಟ್ಟುಕೊಂಡು ಕೂತೆ. ಎಡಗಾಲು ಚೆನ್ನಾಗಿಯೇ ಆಯಿತು. ಬಲಗಾಲಿನ ಗೆರೆ ಸ್ವಲ್ಪ ಓರೆಯಾಯಿತು, ಅದನ್ನು ಸರಿಮಾಡಲು ಇನ್ನಷ್ಟು ಮಡಚಿದೆ, ಆಮೇಲೆ ಅದಕ್ಕೆ ಹೊಂದಲೆಂದು ಎಡಗಾಲನ್ನೂ ಬಿಚ್ಚಿದೆ. ಊಟಕ್ಕೆ ಕರೆ ಬರುವ ಹೊತ್ತಿಗೆ ಎರಡು ಕಾಲುಗಳೂ ಬೇರೆ ಬೇರೆ ಮನುಷ್ಯರಿಗೆ ಸೇರಿದವುಗಳಂತೆ ಕಾಣುತ್ತಿದ್ದವು. ಸುಮ ನೋಡಿ ನಗಲಿಲ್ಲ. ಅದೇ ನನಗೆ ಹೆಚ್ಚು ಭಯ ತಂದಿತು. "ಕೂತ್ಕೊಂಡ್ರೆ ಗೊತ್ತಾಗಲ್ವೇನೋ," ಎಂದಳು. ಬೆಳಿಗ್ಗೆ ನಾಗರಾಜ ಬಂದು, ಪೊಟ್ಟಣ ಬಿಚ್ಚಿ ನೋಡದೆ, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ಆ ಭಾನುವಾರ ನನಗೆ ತಿಂಡಿಯೂ ಸೇರಲಿಲ್ಲ.

ಸೋಮವಾರ ಆಟೋದಲ್ಲಿ ಹೋಗಿ ಬೇರೆ ಬಸ್ಸು ಹಿಡಿಯೋಣ ಎಂದುಕೊಂಡೆ. ಸುಮ ಒಪ್ಪಲಿಲ್ಲ. "ಆ ಹುಡುಗನ ಸಂಬಂಧ ಕೆಟ್ಟಿದ್ರೆ ಹೋಗಿ ತಪ್ಪಾಯ್ತು ಅನ್ನಿ," ಎಂದಳು. ಬಸ್ಸು ಹತ್ತಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡೆ. ನಾಗರಾಜ ಟಿಕೆಟು ಹರಿದುಕೊಟ್ಟು ಮುಂದೆ ಹೋದ. ಪದ್ದಕ್ಕ ಕಿಟಕಿಯಾಚೆ ನೋಡುತ್ತಾ ಕೂತರು. ನಿದಿಗೆ ದಾಟಿದ ಮೇಲೆ ಅವನು ಬಂದು ಎದುರಿಗೆ ನಿಂತ.

"ಸಾರ್, ಅವರ ಮನೇಲಿ ಕುರ್ಚಿ ಮೇಲೆ ಕೂತೆ. ಒಂದು ಕಾಲು ಮಂಡಿ ಹತ್ರ ಹೋಯ್ತು. ಹುಡುಗಿ ಕಾಫಿ ತಟ್ಟೆ ಹಿಡ್ಕೊಂಡು ಬಂದೋಳು ನೋಡಿ ನಕ್ಕುಬಿಟ್ಲು. ಕಾಫಿ ಎಲ್ಲ ನನ್ನ ಮೇಲೆ."

"ನಾಗರಾಜ, ನಾನು..."

"ಇರಿ ಸಾರ್. ಅವಳಿಗೆ ಹೊಲಿಗೆ ಬರುತ್ತಂತೆ, ಹೊಸಮನೆ ಬಡಾವಣೇಲಿ ಅಂಗಡಿ ಇದೆಯಂತೆ, ನಮ್ಮವರು ನನಗೆ ಹೇಳೇ ಇರ್ಲಿಲ್ಲ. ಬಿಚ್ಚಿಕೊಡಿ, ಒಗೆದು ಸರಿಮಾಡಿ ಕೊಡ್ತೀನಿ ಅಂದ್ಲು. ನಾನು ಅವರಪ್ಪನ ಪಂಚೆ ಉಟ್ಕೊಂಡು ಕೂತೆ. ಪ್ಯಾಂಟ್ ಒಣಗೋ ಹೊತ್ತಿಗೆ ಊಟಾನೂ ಆಯ್ತು. ಮಾವನ ಪಂಚೆ ಉಟ್ಕೊಂಡು ಎರಡು ಸಲ ಪಾಯಸ ಹಾಕಿಸ್ಕೊಂಡ ಮೇಲೆ ಇನ್ನು ಬೇಡ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ ಸಾರ್? ಒಪ್ಪಿಬಿಟ್ರು!"

ಇಡೀ ಬಸ್ಸು ನಕ್ಕಿತು. ನನಗೆ ಕಣ್ಣು ತುಂಬಿ ಬಂತು. ನಗುವಿನ ನಡುವೆಯೇ ನಾಗರಾಜ ಬಗ್ಗಿ ಚೀಲದ ಮೇಲೆ ಕೈಯಿಟ್ಟ.

"ಆ ಹುಡುಗಿ, ರೇಖಾ ಅಂತ, ಒಂದು ಮಾತು ಹೇಳಿದ್ಲು ಸಾರ್. ಇದನ್ನ ಹೊಲಿದವರು ಟೈಲರ್ ಅಂತೂ ಅಲ್ಲ, ಆದ್ರೆ ಪಾಪ ತುಂಬಾ ಒದ್ದಾಡಿದಾರೆ ಅಂತ. ಚೀಲ ಬಿಚ್ಚಿ."

ಬಿಚ್ಚಿದೆ. ಹ್ಯಾಂಡಲ್ಲಿಗೆ ಕೈ ತಗುಲಿ ಹಾರನ್ನು ಒಮ್ಮೆ ಕೂಗಿತು. ನಾಗರಾಜನ ಮುಖ ಇಳಿಯಿತು. "ಬ್ಯಾಟರಿ ಗಾಡಿ! ನನ್ನ ಕೆಲಸ ಹೋಗ್ತಿತ್ತಲ್ಲ ಸಾರ್." ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ತೇಲಿಕೊಂಡು ಹೋಗುವ ನನ್ನ ಸುಖದ ಭಾರ ಅವನ ತಲೆಯ ಮೇಲಿತ್ತು. ತಪ್ಪಾಯಿತಪ್ಪ, ನಾಳೆಯಿಂದ ತರುವುದಿಲ್ಲ ಎಂದೆ. ಆಗ ಮುಂದಿನಿಂದ ಬಾಷಾ ಸಾಬರು ಮಾತನಾಡಿದರು.

"ಏ ನಾಗು, ಖಾಲಿ-ಪೀಲಿ ಯಾಕೆ ಟೆನ್ಶನ್? ನನಗೆ ಪಹಿಲೇ, ಮೊದಲ ದಿನಾನೇ ಗೊತ್ತು. ಕನ್ನಡೀಲಿ ಕಾಣ್ತದಲ್ಲ, ಸಾರು ಹೊಲಿಗೆ ಮಷೀನ್ ಮೇಲೆ ಕೂತ್ಕೊಂಡು ಬರ್ತಾರೆ! ಅದೇ ದಿನ ಓನರ್ಗೆ ಫೋನ್ ಹಾಕಿದ್ದೆ. ಆಫ್ ಮಾಡಿ, ಬ್ಯಾಟರಿ ಬೇರೆ ತೆಗೆದು ಕೈಯಲ್ಲಿ ಇಟ್ಕೊಂಡ್ರೆ ಬರ್ಲಿ ಅಂದ್ರು. ಇವರು ಹೇಳ್ತಾರೆ, ಇವರು ಹೇಳ್ತಾರೆ ಅಂತ ಕಾಯ್ತಾ ಇದ್ದೆ. ಸಾರು ಹೇಳ್ಲೇ ಇಲ್ಲ."

ಹೀಗೆ ನಾನು ಈಗ ಬ್ಯಾಟರಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ರಾಜಾರೋಷವಾಗಿ ಪ್ರಯಾಣ ಮಾಡುತ್ತೇನೆ. ನಾಗರಾಜನ ನಿಶ್ಚಿತಾರ್ಥಕ್ಕೆ ಸುಮಳನ್ನೂ ಕರೆದುಕೊಂಡು ಹೋಗಿದ್ದೆ. ನಾಗರಾಜ ನನ್ನನ್ನು ಪರಿಚಯಿಸಿದಾಗ ರೇಖಾ, "ಸಾರ್, ಭಾನುವಾರ ಅಂಗಡಿಗೆ ಬನ್ನಿ, ಕಲಿಸ್ತೀನಿ," ಎಂದಳು. ತಮಾಷೆಗೆ ಅಂದದ್ದಿರಬೇಕು. ನಾನು ನಿಜವಾಗಿಯೂ ಹೋದೆ. ಸಾಕಷ್ಟು ಭಾನುವಾರ ಹೋದೆ. ನೇರ ಹೊಲಿಗೆ ಬಂತು, ಜಿಪ್ಪು ಕೂರಿಸುವುದು ಬಂತು.

ಹಳೆಯ ನೀಲಿ ಚೀಲ ಹರಿದಿತ್ತು. ಸೈಕಲ್ಲಿಗೆ ಒಂದು ಹೊಸ ಚೀಲವನ್ನು ನಾನೇ ಹೊಲಿಯಲು ತೀರ್ಮಾನಿಸಿದೆ. ಉದ್ದ, ಅಗಲ, ಎತ್ತರ ಎಲ್ಲವನ್ನೂ ಅಳೆದು, ಚಿತ್ರ ಬರೆದು, ಬಟ್ಟೆ ಕತ್ತರಿಸಿ, ಎರಡು ಜಿಪ್ಪಿಟ್ಟು ಮುಗಿಸಿದೆ. ಹೊಲಿಗೆ ಎಲ್ಲೂ ಓರೆಯಾಗಿರಲಿಲ್ಲ. ಸೈಕಲ್ಲನ್ನು ಅದರೊಳಗೆ ಇಳಿಸಲು ಇಡೀ ಬೆಳಿಗ್ಗೆ ಸೆಣಸಿದೆ. ಒಂದು ಚಕ್ರ ಹೊರಗೇ ಉಳಿಯಿತು. ಬೇಸರವಾಗಿ ಅಲ್ಲೇ ಬಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಸುಮ ಅದನ್ನು ನಮ್ಮ ಬಟ್ಟೆ ಒಗೆಯುವ ಮಷೀನಿಗೆ ತೊಡಿಸಿ ಜಿಪ್ಪು ಎಳೆದಿದ್ದಳು. ಎಲ್ಲೂ ಒಂದು ಸುಕ್ಕಿಲ್ಲ, ಎರಕ ಹೊಯ್ದಂತೆ ಕೂತಿತ್ತು.

"ಅಳತೇಲಿ ಏನೂ ತಪ್ಪಿಲ್ಲ ರೀ," ಎಂದಳು ಅವಳು, ನನ್ನ ಮುಖ ನೋಡಿ. "ವಸ್ತು ಬೇರೆ, ಅಷ್ಟೆ."