ಗೋಡೆಗೂ ಗೊತ್ತಿದ್ದ ಮೋಟಾರು

ಕೊಡ ಹಿಡಿದು ನಳದ ಮುಂದೆ ಜಗಳಾಡುವ ನಮ್ಮ ವಿಜಾಪುರದಲ್ಲಿ ಯಾರಾದರೂ ದೋಣಿಯ ಮೋಟಾರು ಕೊಳ್ಳುತ್ತಾರೆಯೇ? ನಮ್ಮ ಭಾವನವರು ಕೊಂಡರು! ಅದೂ ಮನೆಗೆ ಎಣ್ಣೆ ಡಬ್ಬಿ ತರಲು ಹೋದ ದಿನ, ಗುಜರಿ ಅಂಗಡಿಯಲ್ಲಿ. ಎಣ್ಣೆಯನ್ನು ಮರೆತೇ ಬಂದಿದ್ದರು.

"ಯಾತಕ್ಕೋ ಇದು?" ಎಂದರು ಅತ್ತೆ.

"ಭೂತನಾಳ ಕೆರ್ಯಾಗ ಈ ದಂಡಿಯಿಂದ ಆ ದಂಡಿಗೆ ಹೋಗಾಕ."

"ಆ ದಂಡ್ಯಾಗ ನಿಂದೇನೈತಿ?"

"ಏನಿಲ್ಲ."

ಅತ್ತೆ ಮಗನ ಕೈಗೆ ಮತ್ತೆ ಎಣ್ಣೆ ಡಬ್ಬಿ ಕೊಟ್ಟು ಅಂಗಡಿಗೆ ಅಟ್ಟಿದರು!

ಭಾವನವರೆಂದರೆ ನನ್ನ ಗಂಡನ ಅಣ್ಣ. ಗಾಂಧಿ ಚೌಕದಲ್ಲಿ ಹಗ್ಗ, ತಾಡಪತ್ರಿಯ ಅಂಗಡಿ ಅವರದು. ಎಪ್ಪತ್ತರ ದಶಕದ ಆ ದಿನಗಳಲ್ಲಿ ನಾನು ಬಬಲೇಶ್ವರದಿಂದ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಟಿಕೋಟಾದಿಂದ ಬಂದು ನೆಲೆಸಿದ ತುಂಬು ಮನೆ, ರಾತ್ರಿಯೂ ಗಂಡ ಹೆಂಡತಿಗೆ ಮಾತಿಗೊಂದು ಮೂಲೆ ಸಿಗದು. ಅತ್ತೆಯ ಕಾಯಿದೆ ಬಲು ಬಿಗಿ. ಹಿರಿಯರ ಎದುರು ಗಂಡ ಹೆಂಡತಿ ಮಾತಾಡಬಾರದು. ಭಾವನವರ ಜೊತೆ ನಾನಂತೂ ಮಾತಾಡಲೇಬಾರದು. ಹಾಗಾದರೆ ಊಟಕ್ಕೆ ಕರೆಯುವುದು ಹೇಗೆ? ಗೋಡೆಗೆ ಹೇಳಬೇಕು! ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು, "ಗ್ವಾಡೀ, ರೊಟ್ಟಿ ಆಗ್ಯಾವ ಅಂತ ಹೇಳು" ಎಂದರೆ ಆಚೆಯಿಂದ ಭಾವನವರು ಬಲು ಗಂಭೀರವಾಗಿ, "ಗ್ವಾಡೀ, ಕೈ ತೊಕ್ಕೊಂಡು ಬಂದ್ರು ಅಂತ ಹೇಳು" ಎನ್ನುವರು. ಅವರ ಹೆಂಡತಿ, ನನ್ನ ನೆಗೆಣ್ಣಿ, ನಾನು ಅಕ್ಕ ಎಂದು ಕರೆಯುತ್ತಿದ್ದವಳು, ಮದುವೆಯಾಗಿ ಅಷ್ಟು ವರ್ಷವಾದರೂ ಅದೇ ಗೋಡೆಯನ್ನೇ ನೆಚ್ಚಿಕೊಂಡಿದ್ದಳು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಂಸಾರ ಮಾಡಿದ್ದು ಆ ಗೋಡೆಯೇ ಇರಬೇಕು!

ಮೋಟಾರಿನ ಮೊದಲ ಪರೀಕ್ಷೆ ಅಂಗಳದಲ್ಲೇ ನಡೆಯಿತು. ಎರಡು ದಿನಕ್ಕೊಮ್ಮೆ ಬರುವ ನಳದ ನೀರು ತುಂಬಿಟ್ಟ ಡ್ರಮ್ಮಿಗೆ ಅದನ್ನು ಬಿಗಿದು ಭಾವನವರು ಚಾಲೂ ಮಾಡುವ ಹಗ್ಗ ಜಗ್ಗಿದರು. ಅಬ್ಬಬ್ಬಾ, ಏನು ಆರ್ಭಟ! ನೀರೆಲ್ಲ ಮೇಲಕ್ಕೆ ಹಾರಿ, ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ಬಿದ್ದಿತು. ಡ್ರಮ್ಮು ಬರಿದಾಯಿತು, ಎದುರುಮನೆಯ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. "ಏನ್ ಮಷೀನಪಾ ಇದು!" ಎಂದು ಭಾವನವರು ಒದ್ದೆ ಮುಖದಲ್ಲಿ ಹಿಗ್ಗಿದರು. ಆ ದಿನ ಮನೆಯಲ್ಲಿ ಇನ್ನಾರೂ ಸ್ನಾನ ಮಾಡಲಿಲ್ಲ.

ಅಕ್ಕನ ತವರು ಕೃಷ್ಣಾ ಹೊಳೆಯ ದಂಡೆ. ಅಲ್ಲಿಂದ ಹಳೆಯ ದೋಣಿಯೊಂದು ಲಾರಿ ಹತ್ತಿ ಬಂತು. ಮೊದಲ ರವಿವಾರ ಭಾವನವರು ನನ್ನ ಗಂಡನನ್ನು ಕೂಡಿಸಿಕೊಂಡು ಹೊರಟರು. ಕೆರೆಯ ನಟ್ಟನಡುವೆ ಮೋಟಾರು ನಿಂತಿತು. ಕಾರಣ ಸರಳ, ಪೆಟ್ರೋಲನ್ನೂ ಮರೆತಿದ್ದರು! ಅಣ್ಣನಿಗೂ ತಮ್ಮನಿಗೂ ಈಜು ಬಾರದು, ಹುಟ್ಟು ಹಾಕಲೂ ಬಾರದು. ಗಾಳಿ ಕರುಣೆ ತೋರಿ ದಂಡೆಗೆ ತಂದಾಗ ಹೊತ್ತು ಮುಳುಗಿತ್ತು.

ಅತ್ತೆ ಅಂದೇ ಆಜ್ಞೆ ಹೊರಡಿಸಿದರು. "ಇನ್ನ ಮ್ಯಾಲ ದ್ವಾಣ್ಯಾಗ ತಮ್ಮನ ಬದಲಿ ಹಿರೇ ಸೊಸಿ ಹೋಗ್ಲಿ. ಹೊಳಿ ದಂಡಿ ಹುಡುಗಿ, ಹುಟ್ಟ ಹಾಕ್ತಾಳ. ಇಲ್ಲಂದ್ರ ಈ ಹುಚ್ಚಪ್ಪ ಮುಳುಗಿ ಹೋಗ್ತಾನ!"

ಮರು ರವಿವಾರ ಪೆಟ್ರೋಲಿತ್ತು, ಅದರ ಜೊತೆ ಕಸವೂ ಇತ್ತು. ಮೋಟಾರು ನಿಂತಿತು, ಅಕ್ಕ ಹುಟ್ಟು ಹಾಕಿ ತಂದಳು. ಅಂದಿನಿಂದ ಪೆಟ್ರೋಲು ಸೋಸಿ ಹಾಕಿದರೂ ಅದೇ ಹಾಡು. ನಡುನೀರಿಗೆ ಹೋದೊಡನೆ ಮೋಟಾರು ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಭಾವನವರು ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದು ಇಣುಕಿ, ಮತ್ತೆ ಮುಚ್ಚಿ, ಅರ್ಧ ತಾಸು ಏನೇನೋ ಬಿಚ್ಚಿ ಕಟ್ಟಿ ಹಗ್ಗ ಜಗ್ಗಿದರೆ ಚಾಲೂ! ಸ್ವಲ್ಪ ದೂರ ಹೋಗಿ ಮತ್ತೆ ಬಂದ್. ಒಮ್ಮೆ ಪ್ಲಗ್ಗು ಒರೆಸಿದ್ದಕ್ಕೆ ಚಾಲೂ ಆಯಿತೆಂದರು, ಒಮ್ಮೆ ಒದ್ದೆ ಟವೆಲು ಹೊದಿಸಿದ್ದಕ್ಕೆ, ಇನ್ನೊಮ್ಮೆ ತಾವು ಚಪ್ಪಲಿ ಬಿಟ್ಟಿದ್ದಕ್ಕೆ! ಮೋಟಾರಿಗೂ ಮಡಿ ಮೈಲಿಗೆ ಇದೆಯೇನೋ ಎಂದು ನಾನೂ ನಂಬಿಬಿಟ್ಟಿದ್ದೆ.

ಜೊತೆಗೆ ಬಂದು ದಂಡೆಯಲ್ಲಿ ಕುಳಿತ ಅತ್ತೆಗೂ ನನಗೂ ಬಳೆ ತುಂಬಿದ ಅಕ್ಕನ ಕೈಗಳು ಆಡುವುದಷ್ಟೇ ಕಾಣುತ್ತಿತ್ತು. ಮನೆಯಲ್ಲಿ ಹೂಂ ಉಹೂಂ ಬಿಟ್ಟರೆ ಮಾತಿಲ್ಲದವಳು ಅಲ್ಲಿ ಎಡೆಬಿಡದೆ ಮಾತಾಡುತ್ತಿದ್ದಳು.

"ನನ್ನ ಮಗನ್ನ ಬೈಯಾಕತ್ತಾಳ ನೋಡು," ಎಂದು ಅತ್ತೆ ತೃಪ್ತಿಯಿಂದ ತಲೆಯಾಡಿಸುವರು. "ಬೈಲಿ. ಊರು ಕುಡಿಯೂ ನೀರಾಗ ಪೆಟ್ರೋಲ್ ಚೆಲ್ತಾನ!"

ಒಂದು ಶನಿವಾರ ಸಂಜೆ ಅಕ್ಕ ಬಟಾಣಿಯಷ್ಟು ಕಣಕ, ಅದೇ ಚಪಾತಿಗೆ ನಾದಿದ ಹಿಟ್ಟು, ತಂದು ಮನೆಯಲ್ಲಿ ಬಿಚ್ಚಿಟ್ಟ ಮೋಟಾರಿನ ಟಾಕಿಯ ಮುಚ್ಚಳದ ಸಣ್ಣ ತೂತಿಗೆ ಒತ್ತುತ್ತಿದ್ದುದನ್ನು ಕಂಡೆ.

"ಯಾಕ ಅಕ್ಕಾ?"

"ಧೂಳು ಹೋಗಬಾರದಂತ," ಎಂದಳು ನನ್ನ ಕಡೆ ನೋಡದೆ.

ವಿಜಾಪುರದ ಧೂಳು ಗೊತ್ತಲ್ಲ, ನಂಬಿದೆ.

ಕೊನೆಗೆ ಅತ್ತೆಯ ತಾಳ್ಮೆ ಮುಗಿಯಿತು. "ಎಳ್ಳಮಾಸಿ ದಿನ ಎಲ್ಲೂ ನಿಲ್ಲದಂಗ ಆ ದಂಡಿ ಮುಟ್ಟಬೇಕು. ಇಲ್ಲಂದ್ರ ಇದು ಗುಜರಿಗೆ, ದ್ವಾಣಿ ಒಲಿಗೆ!"

ಅಕ್ಕನ ಮುಖ ಬಾಡಿತು. ಭಾವನವರಿಗಿಂತ ಇವಳಿಗೇಕೆ ಇಷ್ಟು ಚಿಂತೆ?

ಎಳ್ಳು ಅಮಾವಾಸ್ಯೆಯ ಆ ದಿನ ಭೂತನಾಳದ ನಮ್ಮ ಹೊಲದಲ್ಲಿ ಪೈರಿಗೆ ನೈವೇದ್ಯದ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಎಲ್ಲರೂ ಕೆರೆಗೆ ನಡೆದೆವು. ದೋಣಿ ಹತ್ತುವ ಮೊದಲು ಅಕ್ಕ ಸೆರಗಿನಿಂದ ಟಾಕಿ ಒರೆಸುವವಳಂತೆ ಬಾಗಿ, ಉಗುರಿನಿಂದ ಆ ಕಣಕ ಕೆರೆದು ತೆಗೆದಳು. ನಾನೊಬ್ಬಳೇ ನೋಡಿದೆ. ಭಾವನವರು ಹಗ್ಗ ಜಗ್ಗಿದರು. ಮೋಟಾರು ಕೆಮ್ಮಲಿಲ್ಲ, ಸೀನಲಿಲ್ಲ. ಸೀದಾ ಆ ದಂಡೆ ಮುಟ್ಟಿ, ತಿರುಗಿ, ಈ ದಂಡೆಗೂ ಬಂತು!

ಆಗ ನನ್ನ ತಲೆಗೆ ಹೊಳೆಯಿತು. ಎಣ್ಣೆ ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆ ನೆಟ್ಟಗೆ ಬೀಳುವುದಿಲ್ಲ, ಗಾಳಿಗೆ ಇನ್ನೊಂದು ಬೇಕು. ಇದು ಅಡಿಗೆಮನೆಯ ಹೆಂಗಸರಿಗೆಲ್ಲ ಗೊತ್ತು. ಅಕ್ಕ ಪ್ರತಿ ವಾರ ಆ ಗಾಳಿಯ ತೂತನ್ನೇ ಮುಚ್ಚುತ್ತಿದ್ದಳು! ಭಾವನವರು ಮುಚ್ಚಳ ತೆಗೆದಾಗಲೆಲ್ಲ ಗಾಳಿ ಹೊಕ್ಕು ಮೋಟಾರು ಸ್ವಲ್ಪ ದೂರ ಓಡುತ್ತಿತ್ತು, ಅಷ್ಟೇ. ಗೋಡೆಯಿಲ್ಲದ ಜಾಗ ಅವಳಿಗೆ ಆ ನಡುನೀರು ಒಂದೇ ಆಗಿತ್ತು.

ಆದರೆ ಅತ್ತೆ ಸುಮ್ಮನಿರಬೇಕಲ್ಲ! "ರಿಪೇರಿ ಆತಲ್ಲ, ಇನ್ನ ಹುಟ್ಟ ಹಾಕವರು ಯಾಕ ಬೇಕು? ಹಿರೇ ಸೊಸಿ, ಮುಂದಿನ ರವಿವಾರದಿಂದ ಮನ್ಯಾಗ ಹಪ್ಪಳ ಹಚ್ಚೂಣು."

"ಹೂಂನ್ರೀ," ಎಂದಳು ಅಕ್ಕ. ಮೋಟಾರನ್ನು ಗುಜರಿಯಿಂದ ಉಳಿಸಿದವಳು ತನ್ನ ರವಿವಾರವನ್ನು ಕಳೆದುಕೊಂಡಿದ್ದಳು. 

ಮುಂದಿನ ರವಿವಾರ ಬೆಳಿಗ್ಗೆ ಅಕ್ಕ ತಲೆ ಬಗ್ಗಿಸಿ ಕಣಕ ನಾದುತ್ತಿದ್ದಳು. ಬಾಗಿಲ ಆಚೆ ಭಾವನವರ ದನಿ ಕೇಳಿತು.

"ಗ್ವಾಡೀ, ಮೋಟಾರ ಮತ್ತ ಕೆಟ್ಟೈತಿ ಅಂತ ಹೇಳು. ಹುಟ್ಟ ಹಾಕವರು ಲಗೂನ ತಯಾರಾಗಬೇಕಂತ."

"ಮತ್ತ ಕೆಟ್ಟಿತೇನೋ, ಯಪ್ಪಾ!" ಎಂದು ಅತ್ತೆ ಪಡಸಾಲೆಯಲ್ಲಿ ಹಣೆ ಹಣೆ ಬಡಿದುಕೊಂಡರು.

ಬಾಗಿಲ ಚೌಕಟ್ಟಿನ ಪಕ್ಕದಿಂದ ಮಸಿ ಮೆತ್ತಿದ ಅಂಗೈಯೊಂದು ಮೆಲ್ಲನೆ ಒಳಗೆ ಬಂತು. ದನಿ ಪಿಸುಮಾತಿಗಿಳಿಯಿತು.

"ಮತ್ತ, ಗ್ವಾಡೀ... ಬಟಾಣಿಯಷ್ಟು ಕಣಕ ಕೊಡಾಕ ಹೇಳು."

ಅಕ್ಕನ ಕೈ ನಿಂತಿತು. ಅವಳ ಕಣ್ಣು ತುಂಬಿದ್ದು ಕಂಡು ನನ್ನ ಕಣ್ಣೂ ತುಂಬಿತು. ಇವರಿಗೆ ಎಂದಿನಿಂದ ಗೊತ್ತಿತ್ತೋ, ದೇವರೇ ಬಲ್ಲ!

ಅಕ್ಕ ಗೋಡೆಗೆ ಏನೂ ಹೇಳಲಿಲ್ಲ. ಒಂದು ಚೂರು ಕಣಕ ಕಿತ್ತು, ಎದ್ದು ಹೋಗಿ, ತಾನೇ ಆ ಅಂಗೈಯಲ್ಲಿಟ್ಟಳು.