ನಾಲ್ಕನೇ ಸೂತ್ರ

ಎಲ್ಲ ರಾದ್ಧಾಂತಕ್ಕೂ ಮೂಲ ಫೈರ್ ಸಾರ್ ಅವರ ಬಲಗಾಲಿನ ಮಂಡಿ. ಇಪ್ಪತ್ತೆರಡು ವರ್ಷ ಅಗ್ನಿಶಾಮಕ ದಳದಲ್ಲಿ ಏಣಿ ಹತ್ತಿ, ಪೈಪಿನ ಸುರುಳಿ ಹೆಗಲಿಗೇರಿಸಿಕೊಂಡು ಮೆಟ್ಟಿಲು ಓಡಿ, ಆ ಮಂಡಿ ಈಗ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಡಾಕ್ಟರು ಮೆಟ್ಟಿಲು ಕಮ್ಮಿ ಮಾಡಿ ಎಂದಿದ್ದರು. ಬೆಂಕಿಯ ಹತ್ತಿರ ಹೋಗಿ, ನೀನು ನೆಲಮಹಡಿಯಲ್ಲೇ ಹೊತ್ತಿಕೋ ಮಾರಾಯ ಎಂದು ಹೇಳಲಾದೀತೇ?

ಉಳಿದದ್ದು ಒಂದೇ ದಾರಿ, ದಳದಲ್ಲೇ ಬೋಧಕನಾಗುವುದು. ತರಬೇತಿ ಶಾಲೆ ಒಂದೇ ಅಂತಸ್ತಿನ ಕಟ್ಟಡ. ಬೋಧಕರಿಗೆ ಅಲ್ಲಿ ಒಂದು ಮೇಜು, ಒಂದು ಕರಿಹಲಗೆ, ಮತ್ತು ಕೈಯಿರುವ ಒಂದು ಕುರ್ಚಿ. ಆ ಕುರ್ಚಿಯನ್ನು ಫೈರ್ ಸಾರ್ ಎಷ್ಟೋ ಸಲ ಕಿಟಕಿಯಿಂದ ನೋಡಿ ಬಂದಿದ್ದರು. ಬೋಧಕರ ಕೋರ್ಸು ಮುಗಿಸಿದ್ದಾಗಿತ್ತು, ಬರವಣಿಗೆಯ ಪರೀಕ್ಷೆಯೂ ಪಾಸಾಗಿತ್ತು. ಬಾಕಿಯಿದ್ದದ್ದು ಪರೀಕ್ಷಕರ ಮುಂದೆ ಇಪ್ಪತ್ತು ನಿಮಿಷ ಪಾಠ ಮಾಡಿ ತೋರಿಸುವುದು. ಕಳೆದ ವರ್ಷ "ಬೆಂಕಿ ಎಂದರೆ..." ಎಂದು ಶುರು ಮಾಡಿದವರು ಬೆಂಕಿ ಎಂದರೇನೆಂದು ಕೊನೆಗೂ ಹೇಳಿರಲಿಲ್ಲ. ಉರಿಯುವ ಗೋದಾಮಿಗೆ ನುಗ್ಗುವಾಗ ಅಲುಗದ ಮನುಷ್ಯನಿಗೆ ನಾಲ್ಕು ಜನ ಕಣ್ಣಿಟ್ಟು ನೋಡಿದರೆ ನಾಲಿಗೆ ಒಣಗಿಹೋಗುತ್ತಿತ್ತು. ಈ ಸಲ ಕೊನೆಯ ಅವಕಾಶ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ.

"ಕನ್ನಡಿ ಮುಂದೆ ನಿಂತು ಪಾಠ ಮಾಡಿದ್ರೆ ಏನು ಬಂತು ರೀ? ಬಿಲ್ಡಿಂಗಿನವರಿಗೇ ಮಾಡಿ" ಎಂದು ಹೆಂಡತಿ ಹೇಳಿಕೊಟ್ಟಳು.

ಹಾಗೆ ಶುರುವಾಯಿತು. ಏಳು ಮಹಡಿಯ ಆ ಕಟ್ಟಡದಲ್ಲಿ ಫೈರ್ ಸಾರ್ ಮನೆ ಏಳನೆಯದರಲ್ಲಿ. ಮಾತು ಬಾರದಿದ್ದರೂ ಅಕ್ಷರ ಬರುತ್ತಿತ್ತಲ್ಲ, ಹತ್ತು ಸೂತ್ರಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಪ್ರತಿ ಮಹಡಿಯ ಮೆಟ್ಟಿಲ ಬಳಿ ಅಂಟಿಸಿದರು. ಮೆಟ್ಟಿಲ ಮೇಲಿದ್ದ ಹೂಕುಂಡ, ಸೈಕಲ್ಲು, ಸ್ಟೂಲು ಎಲ್ಲವನ್ನೂ ಖಾಲಿ ಮಾಡಿಸಿದರು. ಭಾನುವಾರ ಭಾನುವಾರ ಅಭ್ಯಾಸ. ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಮೆಟ್ಟಿಲಿಳಿದು ಅಂಗಳಕ್ಕೆ ಬರಬೇಕು. ನಾಲ್ಕನೇ ಸೂತ್ರದ ಕೆಳಗೆ ಅವರು ಎರಡು ಗೆರೆ ಎಳೆದಿದ್ದರು: ಅಭ್ಯಾಸದ ದಿನ ಲಿಫ್ಟ್ ಬಳಸುವಂತಿಲ್ಲ, ಯಾರಿಗೂ ವಿನಾಯಿತಿ ಇಲ್ಲ.

ಆರನೇ ಮಹಡಿಯ ಟೀಚರಮ್ಮ ಮೂವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ನಿವೃತ್ತಿಯಾದ ಮೇಲೆ ಬೈಯಲು ಯಾರೂ ಸಿಗದೆ ಸೊರಗಿದ್ದರು. ಹತ್ತೂ ಸೂತ್ರ ಬಾಯಿಪಾಠ ಮಾಡಿ, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ಮತ್ತೆ ಹರೆಯಕ್ಕೆ ಬಂದರು. ನೆಲಮಹಡಿಯ ಟೈಲರಿಗೆ ಮೊದಲನೇ ಸೂತ್ರದ ಹೊಣೆ, ಅಂದರೆ ಗಂಟೆಯಾದ ತಕ್ಷಣ ಮೇನ್ ಸ್ವಿಚ್ ಆಫ್ ಮಾಡುವುದು. ಆತ ಬಟ್ಟೆ ಹೊಲಿಯುತ್ತಲೇ "ಆಫ್" ಎಂದು ಕೂಗಿ ಮುಗಿಸುತ್ತಿದ್ದ. ಕಳೆದ ವಾರ ಫೈರ್ ಸಾರ್ ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದರು. ಬಾಯಲ್ಲಿ ಆಫ್ ಮಾಡಿದರೆ ಕರೆಂಟು ಹೋಗುವುದಿಲ್ಲ, ಮಾಡುವುದಾದರೆ ನಿಜವಾಗಿ ಮಾಡು ಎಂದಿದ್ದರು. ಟೈಲರು ಸೂಜಿ ಕಚ್ಚಿಕೊಂಡಿದ್ದ.

ಪರೀಕ್ಷೆಯ ದಿನ ಬಂತು. ಹತ್ತು ಗಂಟೆಗೆ ಶಾಲೆಯಲ್ಲಿರಬೇಕು. ಕೊನೆಯದಾಗಿ ಒಂದು ಅಭ್ಯಾಸ ಇರಲಿ ಎಂದು ಎಂಟೂವರೆಗೆ ಫೈರ್ ಸಾರ್ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಏಳನೇ ಮಹಡಿಯಲ್ಲಿ ಗಂಟೆ ಬಾರಿಸಿದರು. ಜನ ಸಾಲಾಗಿ ಮೆಟ್ಟಿಲಿಳಿದರು. ಎಲ್ಲರ ಹಿಂದೆ ಅವರ ಹೆಂಡತಿಯೂ ಇಳಿದಳು. ತಮ್ಮ ಮಹಡಿಯ ಮೆಟ್ಟಿಲು ಖಾಲಿಯಾದದ್ದು ಖಾತ್ರಿ ಮಾಡಿಕೊಂಡು ಫೈರ್ ಸಾರ್ ಅತ್ತಿತ್ತ ನೋಡಿದರು. ಆಮೇಲೆ ಪ್ರತಿ ಭಾನುವಾರ ಮಾಡುತ್ತಿದ್ದುದನ್ನೇ ಮಾಡಿದರು. ಮೆಲ್ಲಗೆ ಲಿಫ್ಟಿಗೆ ಕಾಲಿಟ್ಟು ಗುಂಡಿ ಒತ್ತಿದರು.

ಕೊನೆಗೆ ಹೊರಟವರು ಮೊದಲು ಅಂಗಳದಲ್ಲಿ ನಿಂತಿರುವುದನ್ನು ಕಂಡು ಇಡೀ ಕಟ್ಟಡ ಬೆರಗಾಗುತ್ತಿತ್ತು. ದಳದವರ ಕಾಲು ಅಂದರೆ ಹಾಗೇ ಎಂದು ಟೀಚರಮ್ಮ ಎಲ್ಲರಿಗೂ ಹೇಳುತ್ತಿದ್ದರು. ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮತ್ತು ಮಂಡಿಗೆ ಮಾತ್ರ.

ಲಿಫ್ಟು ಆರು ದಾಟಿತು, ಐದು ದಾಟಿತು. ಒಂದನೇ ಮಹಡಿಯನ್ನೂ ದಾಟಿತು. ಅಷ್ಟರಲ್ಲಿ ದೀಪ ಆರಿ, ಒಮ್ಮೆ ಕುಲುಕಿ ಅಲ್ಲೇ ನಿಂತಿತು. ಕೈಲಿದ್ದ ಹೊಲಿಗೆ ಮುಗಿಸಿ ತಡವಾಗಿ ಎದ್ದರೂ, ಟೈಲರು ಈ ಸಲ ನಿಜವಾಗಿ ಆಫ್ ಮಾಡಿದ್ದ.

ಒಳಗೆ ಗವ್ವೆನ್ನುವ ಕತ್ತಲು. ಮೂರನೇ ಸೂತ್ರದಂತೆ ಏನನ್ನೂ ಎತ್ತಿಕೊಳ್ಳದೆ ಹೊರಟಿದ್ದರಿಂದ ಫೋನು ಮನೆಯಲ್ಲೇ ಇತ್ತು. ಕೂಗಿದರೆ ಕೆಳಗೆ ಕೇಳುತ್ತದೆ ನಿಜ. ಆದರೆ ಎರಡು ಗೆರೆ ಎಳೆದವರೇ ಲಿಫ್ಟಿನೊಳಗಿಂದ ಕೂಗುವುದು ಹೇಗೆ? ಈಗ ಸ್ವಿಚ್ ಹಾಕಿಯಾರು ಎಂದು ಕಾದರು. ಆಗ ಏಳನೇ ಸೂತ್ರ ನೆನಪಾಯಿತು: ಬೋಧಕರು ಸೀಟಿ ಊದುವ ತನಕ ಯಾರೂ ಒಳಗೆ ಕಾಲಿಡಬಾರದು, ಸ್ವಿಚ್ ಮುಟ್ಟಬಾರದು. ಸೀಟಿ ಅವರ ಜೇಬಿನಲ್ಲೇ ಇತ್ತು.

ಹೊರಗೆ ಟೀಚರಮ್ಮ ಹಾಜರಿ ಕರೆಯುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಲವತ್ತೊಂದು ಜನರಲ್ಲಿ ಒಬ್ಬರು ಕಮ್ಮಿ. ನಿಮ್ಮ ಯಜಮಾನರು ಎಲ್ಲಿ ಎಂದು ಕೇಳಿದ್ದಕ್ಕೆ ಹೆಂಡತಿ ಒಮ್ಮೆ ಲಿಫ್ಟಿನ ಕಡೆ, ಒಮ್ಮೆ ಆಕಾಶದ ಕಡೆ ನೋಡಿ, ಬರ್ತಾರೆ ಎಂದಳು. ಗಂಡನ ಮಾನ ಕಾಪಾಡಲು ಆಕೆ ಇನ್ನೇನು ಮಾಡಿಯಾಳು?

ಅರ್ಧ ಗಂಟೆ ಕಳೆಯಿತು. ಅಂಗಳದಲ್ಲಿ ಒಬ್ಬರೂ ಕದಲಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದಕ್ಕೆ ಫೈರ್ ಸಾರ್ ತಮ್ಮನ್ನೇ ಶಪಿಸಿಕೊಂಡರು. ಕಣ್ಣ ಮುಂದೆ ಕೈಯಿರುವ ಆ ಕುರ್ಚಿ ದೂರ ದೂರ ಹೋಗುತ್ತಿತ್ತು. ಮಾನವೋ ಮಂಡಿಯೋ ಎಂದು ತೂಗಿ ನೋಡಿ, ಕೊನೆಗೆ ಮಂಡಿಯ ಪರವಾಗಿ ಸೀಟಿ ಊದಿದರು.

ಅಂಗಳದಲ್ಲಿ ನಲವತ್ತು ತಲೆಗಳು ಒಟ್ಟಿಗೆ ಲಿಫ್ಟಿನತ್ತ ತಿರುಗಿದವು.

"ಸೀಟಿ ಆಯ್ತಲ್ಲ, ಸ್ವಿಚ್ ಹಾಕ್ಲಾ?" ಎಂದ ಟೈಲರು.

"ಮುಟ್ಟಬೇಡ. ಒಳಗೊಬ್ಬರು ಸಿಕ್ಕಿಕೊಂಡಿದ್ದಾರೆ ಅಂದ್ರೆ ಎಂಟನೇ ಸೂತ್ರ ಬರುತ್ತೆ. ದಳದವರು ಬರೋ ತನಕ ಏನನ್ನೂ ಮುಟ್ಟೋ ಹಾಗಿಲ್ಲ" ಎಂದರು ಟೀಚರಮ್ಮ. ಯಾರೋ ದಳಕ್ಕೆ ಫೋನ್ ಹಚ್ಚಿದರು.

ದಳದವನೇ ಒಳಗಿದ್ದೇನೆ, ಇದು ಬರೀ ಅಭ್ಯಾಸ, ಸ್ವಿಚ್ ಹಾಕಿ ಎಂದು ಫೈರ್ ಸಾರ್ ಗೋಗರೆದರು. ಟೀಚರಮ್ಮ ಹೊಸ್ತಿಲು ದಾಟದೆ ಬಾಗಿಲ ಬಳಿ ನಿಂತು, ಒಂಬತ್ತನೇ ಸೂತ್ರವನ್ನು ಉಳಿದವರಿಗೆ ನೆನಪಿಸಿದರು. ಸಿಕ್ಕಿಕೊಂಡವರು ಗಾಬರಿಯಲ್ಲಿ ಏನೇನೋ ಹೇಳುತ್ತಾರೆ, ನಂಬಬೇಡಿ, ಸಮಾಧಾನವಾಗಿ ಮಾತಾಡಿಸುತ್ತಿರಿ. ಆಮೇಲೆ ಒಳಗಿನವರನ್ನು ಮಾತಾಡಿಸತೊಡಗಿದರು. ನಿಮ್ಮ ಹೆಸರೇನು, ಇವತ್ತು ಯಾವ ವಾರ, ಮಗ್ಗಿ ಬರುತ್ತಾ?

ಹದಿಮೂರರ ಮಗ್ಗಿ ಆರಕ್ಕೆ ಬಂದಾಗ ಫೈರ್ ಸಾರ್ ಅವರ ತಾಳ್ಮೆ ಕಿತ್ತುಹೋಯಿತು. "ನೋಡೀಮ್ಮಾ, ಸೂತ್ರ ಬರೆದಿರೋದು ಯಾಕೆ ಅಂತ ಮೊದಲು ತಿಳ್ಕೊಳ್ಳಿ" ಎಂದು ಶುರು ಮಾಡಿದವರು ನಿಲ್ಲಲೇ ಇಲ್ಲ. ಮೇನ್ ಸ್ವಿಚ್ ಯಾಕೆ ಆಫ್ ಮಾಡಬೇಕು, ಹೊಗೆಯಲ್ಲಿ ಯಾಕೆ ತೆವಳಬೇಕು, ಹೊರಗೆ ಬಂದವರು ಒಡವೆಗೆಂದು ಒಳಗೆ ಹೋದರೆ ಏನಾಗುತ್ತದೆ, ಒಮ್ಮೆ ಹಾಗೆ ಹೋದವರನ್ನು ತಾವು ಹೊತ್ತು ತಂದದ್ದು ಹೇಗೆ, ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಹೇಳಿದರು. ಕತ್ತಲಲ್ಲಿ ಯಾವ ಕಣ್ಣೂ ಅವರನ್ನು ನೋಡುತ್ತಿರಲಿಲ್ಲ. ನಾಲಿಗೆ ಒಣಗುವುದನ್ನೇ ಮರೆತಿತ್ತು. ಟೀಚರಮ್ಮ ಅಡ್ಡ ಪ್ರಶ್ನೆ ಕೇಳಿದರು, ಅದಕ್ಕೂ ಉತ್ತರ ಬಂತು. ಟೈಲರು ಒಂದು ಸಂದೇಹ ಕೇಳಿದ, ಅವನಿಗೂ ನಗುವಂಥ ಒಂದು ಉದಾಹರಣೆ ಸಿಕ್ಕಿತು.

ಈ ನಡುವೆ ದಳದ ವಾಹನ ಗಂಟೆಯಿಲ್ಲದೆ ಬಂದು ಅಂಗಳದಲ್ಲಿ ನಿಂತದ್ದು ಫೈರ್ ಸಾರ್‌ಗೆ ತಿಳಿಯಲಿಲ್ಲ. ಅದರಿಂದ ಇಳಿದವರಲ್ಲಿ ದಳದ ಹುಡುಗರ ಜೊತೆ ಕನ್ನಡಕ ಹಾಕಿದ ಹಿರಿಯ ಅಧಿಕಾರಿಯೊಬ್ಬರಿದ್ದರು. ಅವರೇ ಆವತ್ತಿನ ಪರೀಕ್ಷಕಿ. ಕರೆ ಬಂದ ವಿಳಾಸವೂ ತಮ್ಮ ಕೈಲಿದ್ದ ಅರ್ಜಿಯ ವಿಳಾಸವೂ ಒಂದೇ ಆಗಿದ್ದನ್ನು ಕಂಡು ಅವರೂ ವಾಹನ ಹತ್ತಿದ್ದರು. ಬಾಗಿಲು ಬಿಡಿಸಲು ಹೊರಟ ಹುಡುಗರನ್ನು ಕೈಸನ್ನೆಯಲ್ಲೇ ತಡೆದು, ಒಳಗಿನ ಮಾತು ಕೇಳುತ್ತಾ ನಿಂತರು. ನಡುನಡುವೆ ಗಡಿಯಾರ ನೋಡಿ ಏನೋ ಬರೆದುಕೊಂಡರು.

ಇಪ್ಪತ್ತು ನಿಮಿಷವಾದ ಮೇಲೆ ಅವರು ತಲೆಯಾಡಿಸಿದರು. ಬಾಗಿಲು ತೆರೆಯಿತು. ಲಿಫ್ಟು ನೆಲಕ್ಕೆ ಮೂರಡಿ ಮೇಲೆ ನಿಂತಿತ್ತು. ಫೈರ್ ಸಾರ್ ಪುಟ್ಟ ಏಣಿಯೊಂದರ ಮೇಲೆ ಮಂಡಿ ಹಿಡಿದುಕೊಂಡು, ಬೆವರಿನಲ್ಲಿ ತೊಯ್ದು ಇಳಿದು ಬಂದರು. ಎದುರಿಗಿದ್ದವರು ಯಾರೆಂದು ತಿಳಿದಾಗ, ಮತ್ತೆ ಹತ್ತಿ ಒಳಗೇ ಕೂತುಬಿಡೋಣ ಎನಿಸಿತು.

"ಮೇಡಂ, ಪರೀಕ್ಷೆ..." ಎಂದರು.

"ಮುಗೀತು" ಎಂದರು ಪರೀಕ್ಷಕಿ. "ಹನ್ನೊಂದು ವರ್ಷದಿಂದ ಪಾಠ ಕೇಳ್ತಿದ್ದೀನಿ. ಮೇಷ್ಟ್ರೇ ಬಂದು ಬೇಡಿಕೊಂಡ್ರೂ ಕಲಿತದ್ದನ್ನ ಬಿಡದ ವಿದ್ಯಾರ್ಥಿಗಳನ್ನ ಇವತ್ತೇ ನೋಡಿದ್ದು. ನೀವು ಪಾಸು."

ಅಂಗಳ ಚಪ್ಪಾಳೆ ತಟ್ಟಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಫೈರ್ ಸಾರ್ ಅಂಗಳದ ಕಡೆ ತಿರುಗಿ ಸೆಲ್ಯೂಟ್ ಹೊಡೆದರು. ಇಷ್ಟು ವರ್ಷಗಳಲ್ಲಿ ಬೆಂಕಿ ಆರಿಸಿದ್ದಕ್ಕೆ ಜನ ಕೈಮುಗಿದಿದ್ದರು, ಮಾತಾಡಿದ್ದಕ್ಕೆ ಚಪ್ಪಾಳೆ ಬಿದ್ದದ್ದು ಇದೇ ಮೊದಲು. ಕಣ್ಣ ಮುಂದೆ ಆ ಕುರ್ಚಿ ಮತ್ತೆ ಹತ್ತಿರ ಬಂತು. ಅದರ ಕೈಗಳ ಮೇಲೆ ತಮ್ಮ ಕೈಯಿಟ್ಟಂತೆಯೇ ಆಯಿತು.

"ಶಾಲೆಗೆ ಯಾವತ್ತು ಬರಲಿ ಮೇಡಂ?"

"ಶಾಲೆಗಾ? ಅಲ್ಲಿ ಪಾಠ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ಮನೆಮಂದಿಗೆ ಹೀಗೆ ಕಲಿಸೋರು ಇರಲಿಲ್ಲ. ಮುಂದಿನ ತಿಂಗಳಿಂದ ಊರಿನ ಎತ್ತರದ ಕಟ್ಟಡಗಳಿಗೆಲ್ಲ ತರಬೇತಿ ಶುರು. ಅರವತ್ತೆರಡು ಕಟ್ಟಡ ಇವೆ, ಎಲ್ಲಾ ಹತ್ತು ಹನ್ನೆರಡು ಮಹಡಿ. ದಿನಕ್ಕೊಂದು ಕಟ್ಟಡ, ಪ್ರತಿ ಮಹಡಿಗೂ ಹೋಗಿ ಕಲಿಸಬೇಕು. ನಿಮ್ಮನ್ನೇ ಹಾಕ್ತೀನಿ."

ಫೈರ್ ಸಾರ್ ಮಂಡಿ ಸವರಿಕೊಂಡರು. ನಾಲಿಗೆ ಮತ್ತೆ ಒಣಗಿತ್ತು. "ಅಲ್ಲೆಲ್ಲಾ ಲಿಫ್ಟ್ ಇರುತ್ತಲ್ವಾ ಮೇಡಂ?"

ಪರೀಕ್ಷಕಿ ಮೆಟ್ಟಿಲ ಬಳಿ ಅಂಟಿಸಿದ್ದ ಸೂತ್ರಗಳ ಹಾಳೆಯತ್ತ ನೋಡಿದರು. ಅದನ್ನು ಓದುವ ಕೆಲಸ ಟೀಚರಮ್ಮ ಬೇರೆಯವರಿಗೆ ಬಿಟ್ಟುಕೊಡಲಿಲ್ಲ. "ನಾಲ್ಕು. ಅಭ್ಯಾಸದ ದಿನ ಲಿಫ್ಟ್ ಬಳಸುವಂತಿಲ್ಲ, ಯಾರಿಗೂ ವಿನಾಯಿತಿ ಇಲ್ಲ. ಎರಡು ಗೆರೆ ಎಳೆದಿದೆ ಮೇಡಂ."

ಪರೀಕ್ಷಕಿ ಆ ಹಾಳೆಯನ್ನು ಹುಷಾರಾಗಿ ಕಿತ್ತು ಮಡಚಿ, ಎಲ್ಲಾ ಕಟ್ಟಡಗಳಿಗೂ ಇದನ್ನೇ ಅಚ್ಚು ಹಾಕಿಸುವುದಾಗಿ ಹೇಳಿ ವಾಹನ ಹತ್ತಿದರು. ಟೈಲರು ಸ್ವಿಚ್ ಹಾಕಿದ. ಲಿಫ್ಟಿನ ದೀಪ ಬೆಳಗಿತು. ಮನೆಯಲ್ಲಿದ್ದ ಫೋನು, ಮಂಡಿಯ ಎಣ್ಣೆ, ಬದಲಿಸಲು ಒಣ ಅಂಗಿ ಎಲ್ಲವೂ ಏಳನೇ ಮಹಡಿಯಲ್ಲಿದ್ದವು. ಫೈರ್ ಸಾರ್ ಲಿಫ್ಟಿನತ್ತ ಒಂದು ಹೆಜ್ಜೆ ಇಟ್ಟು ಹಿಂದಿರುಗಿ ನೋಡಿದರು. ಹೆಂಡತಿಯನ್ನು ಬಿಟ್ಟು ಉಳಿದ ಮೂವತ್ತೊಂಬತ್ತು ಮಂದಿ ಹೆಮ್ಮೆಯಿಂದ ಅವರನ್ನೇ ನೋಡುತ್ತಿದ್ದರು. ಟೀಚರಮ್ಮ ಹಾಜರಿ ಪುಸ್ತಕವನ್ನು ಇನ್ನೂ ಮುಚ್ಚಿರಲಿಲ್ಲ.

ಅವರು ಮೆಟ್ಟಿಲ ಕಡೆ ತಿರುಗಿದರು. ಹೆಂಡತಿ ಬಂದು ತೋಳು ಹಿಡಿದುಕೊಂಡಳು.

"ಪಾಸಾದ್ರಲ್ಲಾ ರೀ, ನಡೀರಿ ನಿಧಾನಕ್ಕೆ" ಎಂದಳು.

ಖುಷಿಯಲ್ಲಿ ಮೊದಲ ಎರಡು ಮಹಡಿ ಹೇಗೋ ಕಳೆದವು. ಮೂರನೆಯದಕ್ಕೆ ಬಂದಾಗ, ಮೊದಲು ಅಲ್ಲೊಂದು ಸ್ಟೂಲು ಇರುತ್ತಿತ್ತಲ್ಲ, ಒಂದು ಗಳಿಗೆ ಕೂತು ಹೋಗೋಣ ಎಂದು ಫೈರ್ ಸಾರ್ ಸುತ್ತ ನೋಡಿದರು. ಐದನೇ ಸೂತ್ರದಂತೆ ಮೆಟ್ಟಿಲ ಮೇಲೆ ಒಂದು ಕಡ್ಡಿಯೂ ಇರಲಿಲ್ಲ.