ಕೊತ್ತಂಬರಿ ಸೊಪ್ಪು, ಜಪಾನ್ ಪದ್ಧತಿ

ಬೀದಿನಾಯಿ ಅಟ್ಟಿಸಿಕೊಂಡು ಬಂದರೆ? ಹೊಗೆಸೊಪ್ಪಿನ ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯುವಾಗ ಡ್ರೈವರ್ ನೋಡದೆ ಹೋದರೆ? ಪೂಜಾಳ ತಲೆಯೊಳಗೆ ಇದೇ ಗಿರಗಿರ ತಿರುಗುತ್ತಿತ್ತು. ಒಲೆಯ ಮೇಲೆ ಒಗ್ಗರಣೆ ಸೀದರೂ ಅವಳ ಕಣ್ಣು ಬೀದಿಬಾಗಿಲಿನ ಕಡೆಗೇ. ನಾಲ್ಕು ವರ್ಷದ ಪುಟ್ಟಿ, ಬೀದಿ ಕೊನೆಯ ನಂಜಣ್ಣನ ಅಂಗಡಿಗೆ, ಒಬ್ಬಳೇ, ಕೊತ್ತಂಬರಿ ಸೊಪ್ಪು ತರಲು ಹೋಗಿದ್ದಳು. ಕಳಿಸಿದವನು ಗಂಡ ವಿರೂಪಾಕ್ಷ. ಬೆನ್ನಿಗೊಂದು ಬ್ಯಾಗು ಏರಿಸಿಕೊಂಡು ಮೊದಲು ಜಪಾನು, ಆಮೇಲೆ ವಿಯೆಟ್ನಾಂ ಸುತ್ತಿ, ಹೋದ ವಾರವಷ್ಟೇ ಪಿರಿಯಾಪಟ್ಟಣಕ್ಕೆ ಮರಳಿದ ಮಹಾನುಭಾವ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ.

ಪೂಜಾ: ಇನ್ನೂ ಬರಲಿಲ್ಲ ರೀ. ನಂಜಣ್ಣಂಗೆ ಒಂದು ಫೋನ್ ಮಾಡ್ತೀನಿ.

ವಿರೂಪಾಕ್ಷ: ಫೋನ್ ಮುಟ್ಟಬ್ಯಾಡ! ಜಪಾನಲ್ಲಿ ಇಷ್ಟಿಷ್ಟುದ್ದದ ಮಕ್ಕಳು ಒಂಟಿಯಾಗಿ ರೈಲ್ ಹತ್ತಿ ಸ್ಕೂಲಿಗೆ ಹೋಯ್ತವೆ. ಅವರಮ್ಮಂದ್ರು ಯಾರೂ ಹಿಂಗೆ ಬಾಗಿಲಲ್ಲಿ ನಿಂತು ಬಾಯ್ ಬಡ್ಕೊಳಲ್ಲ.

ಪೂಜಾ: ಅಲ್ಲಿ ರೈಲು ನಿಲ್ಲೋ ಜಾಗಕ್ಕೆ ಗೆರೆ ಎಳೆದಿರ್ತಾರೆ ಅಂದ್ರಿ. ನಮ್ಮ ಬೀದೀಲಿ ಹಸು ಎಲ್ಲಿ ನಿಲ್ಲುತ್ತೆ ಅಂತ ಹಸುಗೇ ಗೊತ್ತಿರಲ್ಲ.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಸುಂದ್ರಮ್ಮ ತಲೆಯೆತ್ತಿದರು.

ಸುಂದ್ರಮ್ಮ: ಅಷ್ಟ್ ಶಿಸ್ತಿನ್ ದೇಸ್ದಲ್ಲಿ ನೀನ್ ಹೆಂಗಿದ್ಯಲಾ?

ಪೂಜಾ: ಟವಲ್ ಕತೆ ಹೇಳ್ರಿ ಅತ್ತೆಗೆ.

ವಿರೂಪಾಕ್ಷ: ಅದೆಲ್ಲ ಈಗ್ಯಾಕೆ?

ಪೂಜಾ: ರೈಲಿನ ಬಾಗಿಲು ತೆಗೆದಿದ್ದೇ ತಡ, ಸಾಲಲ್ಲಿ ನಿಂತೋರ ತಲೆ ಮೇಲಿಂದ ಖಾಲಿ ಸೀಟಿಗೆ ಟವಲ್ ಎಸೆದ್ರಂತೆ ಅತ್ತೆ!

ಸುಂದ್ರಮ್ಮ: ಸೀಟ್ ಹಿಡಿಯಕ್ಕೆ ತಾನೆ? ಅದ್ರಲ್ಲೇನ್ ತಪ್ಪು?

ವಿರೂಪಾಕ್ಷ: ನಂಗೂ ಅಂಗೇ ಅನ್ನಿಸ್ತು ಕಣವ್ವ! ಅಷ್ಟ್ರಲ್ಲಿ ಯೂನಿಫಾರಂನೋನೊಬ್ಬ ಒಳಕ್ಕೋಗಿ ಟವಲ್ ತಂದು, ನೀಟಾಗಿ ಮಡಚಿ, ಎರಡೂ ಕೈಲಿ ನಂಗೇ ಕೊಟ್ಟ. ಪಾಪ, ಬೀಳಿಸ್ಕೊಂಡಿದ್ದೀನಿ ಅನ್ಕೊಂಡ. ಕೊಟ್ಟು ಬಗ್ಗಿದ. ಮರ್ಯಾದೆಗೆ ನಾನೂ ಬಗ್ಗಿದೆ. ಅವ್ನು ಇನ್ನೊಸಿ ಬಗ್ಗಿದ. ನಾನ್ ಬುಡ್ತೀನಾ? ತಲೆ ಎತ್ತೋ ಹೊತ್ಗೆ ರೈಲೇ ಇಲ್ಲ.

ಸುಂದ್ರಮ್ಮ: ರೈಲ್ ಹೋದ್ರೆ ಹೋಯ್ತು ಬುಡು, ಟವಲ್ ಸಿಕ್ತಲ್ಲ.

ಪೂಜಾ: ವಿಯೆಟ್ನಾಂದೂ ಕೇಳಿ ಅತ್ತೆ. ಅಲ್ಲಿ ಇವರು ರಸ್ತೆ ದಾಟಿದ ವೈಭವ.

ವಿರೂಪಾಕ್ಷ: ಅಲ್ಲಿ ಸ್ಕೂಟರ್‌ಗಳು ಇರುವೆ ಸಾಲ್ ಬಂದಂಗೆ ಬತ್ತಾನೇ ಇರ್ತವೆ. ನಂಗೆ ಜಪಾನ್ ಅಭ್ಯಾಸ ಆಗೋಗಿತ್ತು. ಹಸಿರು ಲೈಟ್ ಬರಲಿ ಅಂತ ನಿಂತೆ.

ಪೂಜಾ: ಬಂತಾ?

ವಿರೂಪಾಕ್ಷ: ಅಲ್ಲಿ ಲೈಟೇ ಇರ್ಲಿಲ್ಲ.

ಪೂಜಾ: ಕೊನೆಗೆ ತರಕಾರಿ ಬುಟ್ಟಿ ಹೊತ್ತ ಅಜ್ಜಿಯೊಬ್ಬರು ಕೈ ಹಿಡಿದು ದಾಟಿಸಿದ್ರು! ಇವರಿಗೆ ಅಜ್ಜಿ ಬೇಕು, ನನ್ನ ಮಗಳು ಮಾತ್ರ ಒಬ್ಬಳೇ ಹೋಗಬೇಕು.

ವಿರೂಪಾಕ್ಷ: ಅದಕ್ಕೆ ಕಲ್ಚರ್ ಶಾಕ್ ಅಂತಾರೆ ಕಣೇ. ಒಂದು ದೇಶದಿಂದ ಇನ್ನೊಂದಕ್ಕೆ ಹೋದಾಗ ಎಲ್ಲರಿಗೂ ಆಯ್ತದೆ.

ಸುಂದ್ರಮ್ಮ: ನಾವ್ ಅದ್ಕೆ ಪುಕ್ಕಲುತನ ಅಂತೀವಿ ಕಣ್ಲಾ. ಮೊನ್ನೆ ಹುಣಸೂರ್ ಬಸ್‌ಸ್ಟ್ಯಾಂಡಲ್ಲೂ ಸಾಲಲ್ಲೇ ಹತ್ತೋದು ಅಂತ ನಿಂತಿದ್ಯಂತೆ. ಸಾಲಲ್ಲಿ ಯಾರ್ಯಾರಿದ್ರು?

ವಿರೂಪಾಕ್ಷ: ನಾನೊಬ್ನೇ. ಆದ್ರೆ ಸಾಲು ನೆಟ್ಟಗಿತ್ತು.

ಹೊರಗೆ ಟ್ರ್ಯಾಕ್ಟರೊಂದು ಹಾರನ್ ಹೊಡೆಯಿತು. ಸುಂದ್ರಮ್ಮನ ನಗೆ ಅರ್ಧಕ್ಕೇ ನಿಂತಿತು. ಚಾಚಿದ್ದ ವಿರೂಪಾಕ್ಷನ ಕಾಲು ತಾನಾಗಿಯೇ ಮಡಚಿಕೊಂಡಿತು.

ಪೂಜಾ: ಅವಳಿಗೆ ಈ ಬೀದಿ ಹೆಸರು ಗೊತ್ತಿಲ್ಲ ರೀ. ನಿಮ್ಮಮ್ಮನ ಹೆಸರೇನು ಪುಟ್ಟಾ ಅಂದ್ರೆ 'ಅಮ್ಮ' ಅಂತಾಳೆ. ಯಾರಾದ್ರೂ ಎತ್ಕೊಂಡು ಹೋದ್ರೆ ಏನ್ ಮಾಡೋದು?

ವಿರೂಪಾಕ್ಷ: ಧೈರ್ಯ ಬೇಕು ಕಣೇ ತಾಯಂದ್ರಿಗೆ. ನನ್ನ ನೋಡು, ಎಷ್ಟ್ ಆರಾಮಾಗಿದ್ದೀನಿ... ಹಿತ್ತಲ ನಲ್ಲಿ ತೊಟ್ಟಿಕ್ತಾ ಅದೆ, ಒಸಿ ನೋಡ್ಬತ್ತೀನಿ. ಫೋನ್ ಮಾತ್ರ ಮುಟ್ಟಬ್ಯಾಡ!

ಅವನು ಹಿತ್ತಲಿಗೆ ಹೋದ. ಪೂಜಾ ಫೋನ್ ಕೈಗೆ ತೆಗೆದುಕೊಂಡಳು, ಇಟ್ಟಳು. ಸೀದ ಬಾಣಲೆ ಉಜ್ಜಿದಳು. ಮತ್ತೆ ತೆಗೆದುಕೊಂಡಳು, ಮತ್ತೆ ಇಟ್ಟಳು.

ಸುಂದ್ರಮ್ಮ: ಮಾಡವ್ವ, ಮಾಡು. ಜಪಾನೋರೇನ್ ನಮ್ಮನೆ ಕಿಟಕೀಲಿ ಇಣುಕ್ತಾವ್ರಾ?

ಪೂಜಾ ಫೋನ್ ಮಾಡಿಯೇಬಿಟ್ಟಳು.

ಪೂಜಾ: ನಂಜಣ್ಣ, ನಾನು ಪೂಜಾ. ನಮ್ಮ ಪುಟ್ಟಿ ಅಂಗಡಿಗೆ ಬಂದಳಾ?

ನಂಜಣ್ಣ: ಬಂದಿತ್ತು ಕಣವ್ವ, ನಿಮ್ ಬೀದಿ ಸುನಂದಮ್ಮೋರ ಕಂಕುಳಲ್ಲಿ. ಮಗು ಒಂದೇ ನಡ್ಕಂಡ್ ಹೋಯ್ತಾ ಇದ್ರೆ ಯಾರ್ ಸುಮ್ನೆ ಬುಟ್ಟಾರು? ಮನೆಗ್ ಕರ್ಕಂಡೋಗಿ ದೋಸೆ ತಿನ್ಸಿ, ಆಮೇಲೆ ಇಲ್ಲಿಗ್ ತಂದ್ರು. ಸೊಪ್ಪು ಅವ್ರ ಜೊತೇಲ್ ಬಂದ ಚಿಕ್ಕಸಿದ್ದಮ್ಮನ ಕೈಲದೆ.

ಪೂಜಾ ಅಲ್ಲೇ ಹೊಸ್ತಿಲ ಪಕ್ಕ ಕೂತಳು.

ಪೂಜಾ: ಹಾಗಾದ್ರೆ ಒಬ್ಬಳೇ ನಡೀಲೇ ಇಲ್ವಾ?

ನಂಜಣ್ಣ: ಈ ಬೀದೀಲಾ? ಅದ್ರ ಕಾಲು ನೆಲಕ್ ತಾಗಿದ್ರೆ ಕೇಳಿ! ಈಗ್ತಾನೆ ಎಲ್ರೂ ನಿಮ್ಮನೆ ಕಡೆ ಹೊರಟ್ರು. ಆದ್ರೆ ಅವ್ವ...

ಪೂಜಾ: ಏನಾಯ್ತು?

ನಂಜಣ್ಣ: ನಿಮ್ ಯಜಮಾನ್ರು ಬರಿಗಾಲಲ್ಲಿ ಹಿತ್ತಲ ಸಂದೀಲಿ ಓಡ್ಬಂದು, ಮಗು ನೋಡ್ಬಾರ್ದು ಅಂತ ಅಕ್ಕಿ ಮೂಟೆ ಹಿಂದೆ ಕುಕ್ಕರುಗಾಲಲ್ಲಿ ಕುಂತ್ರು. ಈಗ ಕಾಲ್ ಜೋಮ್ ಹಿಡ್ದು ಏಳಕ್ಕಾಯ್ತಿಲ್ಲ. ಮನೇಲಿ ಹೇಳ್ಬ್ಯಾಡ ಅಂತಾನೂ ಅಂತಾವ್ರೆ. ಮಗೀನೇನೋ ಸುನಂದಮ್ಮೋರು ಕರ್ಕಂಡ್ ಬತ್ತಾವ್ರೆ. ಇವ್ರನ್ನ ಕರ್ಕಂಡ್ ಬರಕ್ಕೆ ಯಾರ್ನ ಕಳುಸ್ಲಿ?